ನಿಮ್ಮ ವೋಟು ಎಲ್ಲಿದೆ? ಊರಲ್ಲೋ, ಇಲ್ಲೋ, ಎಲ್ಲೂ ಇಲ್ವೋ?

ಹಿಂದಿನ ಕೆಲವು ಮಾತುಗಳಲ್ಲಿ ಅಮೆರಿಕದ ಸುಂಕ, ಉಕ್ರೇನ್ ಯುದ್ಧ, ಗಾಜಾ ಅಂತ ದೂರದ ವಿಷಯಗಳನ್ನೇ ಹಿಡಿದುಕೊಂಡಿದ್ವಿ. ಇವತ್ತಿನದು ಹತ್ತಿರದ ವಿಷಯ. ಎಷ್ಟು ಹತ್ತಿರ ಅಂದ್ರೆ ನಿಮ್ಮ ಪರ್ಸಿನಲ್ಲಿರೋ ಒಂದು ಪ್ಲಾಸ್ಟಿಕ್ ಕಾರ್ಡಿನಷ್ಟು.

ಹೊರನಾಡಿನಲ್ಲಿರೋ ನಾವು ರಾಜಕೀಯ ಮಾತಾಡೋದರಲ್ಲಿ ಯಾರಿಗೂ ಕಡಿಮೆ ಇಲ್ಲ. ಕನ್ನಡ ಸಂಘದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಾಗ, ಲೋಕಲ್ ಟ್ರೈನಿನಲ್ಲಿ, ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಇದೇ ನಡೆಯುತ್ತೆ. ಬೆಂಗಳೂರಲ್ಲಿ ಯಾರು ಮುಖ್ಯಮಂತ್ರಿ ಆಗಬೇಕು, ಗ್ಯಾರಂಟಿ ಯೋಜನೆ ಸರಿಯೋ ತಪ್ಪೋ, ಡಾಲರ್ ಯಾಕೆ ಏರ್ತಾ ಇದೆ, ಎಲ್ಲದಕ್ಕೂ ನಮ್ಮ ಹತ್ರ ಅಭಿಪ್ರಾಯ ಇದೆ. ಇಂಥ ಜಾಗದಲ್ಲಿ ನಾನು ಒಂದು ಪ್ರಶ್ನೆ ಕೇಳೋ ಅಭ್ಯಾಸ ಇಟ್ಟುಕೊಂಡಿದ್ದೇನೆ. "ನಿಮ್ಮ ವೋಟು ಎಲ್ಲಿದೆ?" ಅಷ್ಟೇ. ಮಾತು ತಕ್ಷಣ ನಿಧಾನವಾಗುತ್ತೆ.

ಬರೋ ಉತ್ತರಗಳು ಹೆಚ್ಚುಕಡಿಮೆ ಮೂರು ಥರ. ಒಬ್ಬರು "ಊರಲ್ಲಿದೆ, ಆದ್ರೆ ಹೋಗೋಕಾಗಲ್ಲ" ಅಂತಾರೆ. ಇನ್ನೊಬ್ಬರು ಸ್ವಲ್ಪ ದನಿ ತಗ್ಗಿಸಿ "ಎರಡೂ ಕಡೆ ಇದೆ" ಅಂತಾರೆ. ಮೂರನೆಯವರು "ಇತ್ತು, ಈಗ ಇದೆಯೋ ಇಲ್ವೋ ಗೊತ್ತಿಲ್ಲ" ಅಂತಾರೆ. ಇಪ್ಪತ್ತು ವರ್ಷದಿಂದ ಪುಣೆಯಲ್ಲೋ ಹೈದರಾಬಾದಿನಲ್ಲೋ ಮನೆ ಮಾಡಿಕೊಂಡು, ಅಲ್ಲೇ ತೆರಿಗೆ ಕಟ್ಟಿ, ಮಕ್ಕಳನ್ನು ಅಲ್ಲೇ ಓದಿಸಿದವರ ಉತ್ತರವೂ ಇದೇ. ನನ್ನ ಪ್ರಕಾರ ಇದು ಸಣ್ಣ ವಿಷಯ ಅಲ್ಲ. ಹಾಗಾಗಿ ಕಾನೂನು ಏನು ಹೇಳುತ್ತೆ, ನಾವು ಏನು ಮಾಡ್ತಿದ್ದೀವಿ, ಇದರಲ್ಲಿ ನಮಗೆ ಏನು ಹೋಗ್ತಾ ಇದೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಕಾನೂನು. 1950ರ ಪ್ರಜಾಪ್ರತಿನಿಧಿ ಕಾಯಿದೆ ಅಂತ ಒಂದಿದೆ. ಅದರ 19ನೇ ಕಲಂ ಪ್ರಕಾರ, 18 ವರ್ಷ ತುಂಬಿದ, ಆ ಕ್ಷೇತ್ರದ 'ಸಾಮಾನ್ಯ ನಿವಾಸಿ' ಆಗಿರೋ ನಾಗರಿಕರ ಹೆಸರು ಅಲ್ಲಿಯ ಮತದಾರರ ಪಟ್ಟಿಗೆ ಸೇರುತ್ತೆ. ನಮ್ಮ ಕಥೆಯೆಲ್ಲ ಇರೋದು ಈ 'ಸಾಮಾನ್ಯ ನಿವಾಸಿ' ಅನ್ನೋ ಎರಡು ಪದದಲ್ಲಿ. ಮುಂದಿನ 20ನೇ ಕಲಂ ಅದನ್ನು ಬಿಡಿಸಿ ಹೇಳೋಕೆ ನೋಡುತ್ತೆ. ಅದರಲ್ಲಿ ಎರಡು ಮಾತು ನಮಗೆ ಮುಖ್ಯ.

ಒಂದು, ಒಂದು ಕಡೆ ಮನೆ ಇದೆ ಅನ್ನೋ ಒಂದೇ ಕಾರಣಕ್ಕೆ ನೀವು ಅಲ್ಲಿಯ ಸಾಮಾನ್ಯ ನಿವಾಸಿ ಆಗೋದಿಲ್ಲ. ಊರಲ್ಲಿ ಅಜ್ಜನ ಕಾಲದ ಹಂಚಿನ ಮನೆ ಇದೆ, ವರ್ಷಕ್ಕೊಮ್ಮೆ ಜಾತ್ರೆಗೆ ಹೋಗಿ ಬೀಗ ತೆಗೆದು ಕಸ ಗುಡಿಸಿ ಬರ್ತೀವಿ. ಕಾನೂನಿನ ಲೆಕ್ಕದಲ್ಲಿ ಅಷ್ಟು ಸಾಲದು. ಎರಡು, ತಾತ್ಕಾಲಿಕವಾಗಿ ಊರು ಬಿಟ್ಟು ಹೋದರೆ ನಿವಾಸ ತಪ್ಪಿಹೋಗೋದೂ ಇಲ್ಲ. ಆರು ತಿಂಗಳು ಕೆಲಸಕ್ಕೆ ಬಂದು ಹಿಂತಿರುಗೋ ಕೂಲಿಯವರ ಹೆಸರು ಊರಲ್ಲೇ ಇರಬಹುದು, ಇರಬೇಕು. ಹಾಗಾದ್ರೆ ಎಷ್ಟು ದಿನ ಅಂದ್ರೆ ತಾತ್ಕಾಲಿಕ? ಆರು ತಿಂಗಳೋ, ಆರು ವರ್ಷವೋ? ಕಾಯಿದೆಯಲ್ಲಿ ಅಂಕಿ ಇಲ್ಲ. ಪ್ರತಿಯೊಬ್ಬರ ಸಂಗತಿ ನೋಡಿ ನೋಂದಣಿ ಅಧಿಕಾರಿ ತೀರ್ಮಾನಿಸಬೇಕು. ಈ ಅಸ್ಪಷ್ಟತೆಯಲ್ಲೇ ನಾವೆಲ್ಲ ಇಷ್ಟು ವರ್ಷ ಆರಾಮಾಗಿ ಕೂತಿದ್ದೀವಿ.

ಈ ಪ್ರಶ್ನೆ ಹೊಸದೇನೂ ಅಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. 1948ರಲ್ಲಿ, ಸಂವಿಧಾನ ಇನ್ನೂ ಬರೆದು ಮುಗಿಯೋ ಮೊದಲೇ, ದೇಶದ ಮೊದಲ ಮತದಾರರ ಪಟ್ಟಿ ತಯಾರಿಸೋ ಕೆಲಸ ಶುರುವಾಗಿತ್ತು. 180 ದಿನ ಆ ಜಾಗದಲ್ಲಿ ವಾಸ ಇದ್ದಿರಬೇಕು ಅನ್ನೋದು ನಿಯಮ. ಆದರೆ ದೇಶ ವಿಭಜನೆಯಾಗಿ ಲಕ್ಷಾಂತರ ಜನ ಗಡಿ ದಾಟಿ ಆಗಷ್ಟೇ ಬಂದಿದ್ದರು. ಅವರಿಗೆ 180 ದಿನ ಎಲ್ಲಿಂದ ಬರಬೇಕು? ಆಗ ಅಧಿಕಾರಿಗಳು ಒಂದು ದಾರಿ ಕಂಡುಕೊಂಡರು. "ನಾನು ಇನ್ನು ಮುಂದೆ ಇಲ್ಲೇ ಕಾಯಂ ನೆಲೆಸ್ತೀನಿ" ಅಂತ ನಿರಾಶ್ರಿತರು ಘೋಷಣೆ ಕೊಟ್ಟರೆ ಸಾಕು, ಹೆಸರು ಸೇರಿಸಿ ಅಂತ ಸೂಚನೆ ಹೋಯಿತು. ಕಂಪ್ಯೂಟರ್ ಇಲ್ಲ, ಆಧಾರ್ ಇಲ್ಲ, ಕೈಯಲ್ಲಿ ಕಾಗದವೇ ಇಲ್ಲದ ಜನ. ಆದರೂ ನಿಯಮವನ್ನು ಜನರ ಕಡೆಗೆ ಬಗ್ಗಿಸಿದರು. ಇವತ್ತಿನ ಚರ್ಚೆ ಕೇಳುವಾಗ ನನಗೆ ಇದು ಪದೇ ಪದೇ ನೆನಪಾಗುತ್ತೆ.

ಈಗ ಒಂದು ತಮಾಷೆ ನೋಡಿ. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು ಅಂದುಕೊಳ್ಳಿ, ಉಡುಪಿ ಕಡೆಯವರು. ಅಣ್ಣ ದುಬೈನಲ್ಲಿ, ತಮ್ಮ ಡೊಂಬಿವಲಿಯಲ್ಲಿ. ದುಬೈಯ ಅಣ್ಣ ಅಲ್ಲಿಯ ಪೌರತ್ವ ತಗೊಂಡಿಲ್ಲ ಅಂದ್ರೆ, 2010ರಲ್ಲಿ ಸೇರಿಸಿದ 20ಎ ಕಲಂ ಪ್ರಕಾರ, ಪಾಸ್‌ಪೋರ್ಟಿನಲ್ಲಿರೋ ಊರಿನ ವಿಳಾಸದಲ್ಲಿ ರಾಜಾರೋಷವಾಗಿ ಮತದಾರ ಆಗಬಹುದು. ಎಷ್ಟು ವರ್ಷ ಬೇಕಾದ್ರೂ ಇರಲಿ. ಬಂದು ವೋಟು ಹಾಕಬೇಕು ಅಷ್ಟೇ. ಡೊಂಬಿವಲಿಯ ತಮ್ಮ ತಿಂಗಳಿಗೊಮ್ಮೆ ಮತ್ಸ್ಯಗಂಧ ಹತ್ತಿ ಊರಿಗೆ ಹೋಗ್ತಾನೆ, ಅಮ್ಮನ ಔಷಧಿ ನೋಡ್ಕೊಳ್ತಾನೆ, ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಎತ್ತುತ್ತಾನೆ. ಆದರೆ ಅವನು ಅಲ್ಲಿ 'ಸಾಮಾನ್ಯ ನಿವಾಸಿ' ಅಲ್ಲ! ಹೊರದೇಶದವರಿಗೆ ಕೊಟ್ಟ ಆ ಅವಕಾಶ ಎಷ್ಟು ಬಳಕೆಯಾಗ್ತಿದೆ ಅಂತ ಕೇಳಿದ್ರೆ, 2024ರ ಲೋಕಸಭಾ ಚುನಾವಣೆಯಲ್ಲಿ ನೋಂದಾಯಿಸಿಕೊಂಡವರು ಸುಮಾರು 1.19 ಲಕ್ಷ, ಬಂದು ವೋಟು ಹಾಕಿದವರು 2,958. ಅದರಲ್ಲಿ 2,670 ಜನ ಕೇರಳದವರೇ.

ಇನ್ನೊಂದು ತಮಾಷೆ ಮೇಲಿನ ಮನೆಯದ್ದು. ರಾಜ್ಯಸಭೆಗೆ ಒಂದು ರಾಜ್ಯದಿಂದ ಆರಿಸಿ ಹೋಗಬೇಕಾದರೆ ಆ ರಾಜ್ಯದ ಮತದಾರನೇ ಆಗಿರಬೇಕು ಅಂತ ಮೊದಲು ನಿಯಮ ಇತ್ತು. ಅದಕ್ಕೇ ಮನಮೋಹನ್ ಸಿಂಗ್ ಅವರು ಗುವಾಹಟಿಯ ವಿಳಾಸ ಕೊಟ್ಟು ಅಸ್ಸಾಮಿನಿಂದ ಆಯ್ಕೆಯಾಗಿದ್ದರು, ಅದರ ಮೇಲೆ ಚರ್ಚೆಯೂ ಆಗಿತ್ತು. 2003ರಲ್ಲಿ ಸಂಸತ್ತು ಆ ನಿಯಮವನ್ನೇ ತೆಗೆದುಹಾಕಿತು. ಭಾರತದ ಯಾವುದೇ ಕ್ಷೇತ್ರದ ಮತದಾರ ಆಗಿದ್ದರೆ ಸಾಕು. ಕುಲದೀಪ್ ನಯ್ಯರ್ ಅವರು ಪ್ರಶ್ನೆ ಮಾಡಿದರು, 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿ ಸರಿ ಅಂತು. ನಮ್ಮ ರಾಜ್ಯದಿಂದ ಹೊರಗಿನ ಹಲವು ನಾಯಕರು ರಾಜ್ಯಸಭೆಗೆ ಹೋಗಿದ್ದು ನಿಮಗೆ ಗೊತ್ತೇ ಇದೆ. ಆಂಧ್ರದ ವೆಂಕಯ್ಯ ನಾಯ್ಡು 1998ರಿಂದ ಸತತ ಮೂರು ಬಾರಿ ಕರ್ನಾಟಕದಿಂದಲೇ ಸದಸ್ಯರು. ನಾನು ಅದನ್ನು ತಪ್ಪು ಅಂತ ಹೇಳ್ತಿಲ್ಲ. ಆದರೆ ಆರಿಸಿ ಹೋಗೋರಿಗೆ ವಿಳಾಸದ ಹಂಗು ತಪ್ಪಿಸೋಕೆ ಕಾನೂನು ಬದಲಾಯಿಸೋಕೆ ಆಗುತ್ತೆ, ಆರಿಸೋರ ವಿಷಯ ಬಂದಾಗ ಮಾತ್ರ ಅದು ಬಹಳ ಕಷ್ಟ ಅಂತಾರೆ.

ಸರಿ, ಕಾನೂನು ಹೀಗಿದೆ. ಆದರೂ ನಾವು ಊರಿನ ಹೆಸರು ತೆಗೆಸೋದಿಲ್ಲ. ಯಾಕೆ?

ಭಾವನೆ ಅನ್ನೋದು ಸುಲಭದ ಉತ್ತರ. ನಿಜ, ಊರಿನ ಪಟ್ಟಿಯಲ್ಲಿ ಅಪ್ಪನ ಹೆಸರಿನ ಕೆಳಗೆ ನಮ್ಮ ಹೆಸರು ಇರೋದರಲ್ಲಿ ಒಂದು ಸಮಾಧಾನ ಇದೆ. ಆದರೆ ಭಾವನೆಗಿಂತ ಗಟ್ಟಿಯಾದ ಕಾರಣ ಪಂಚಾಯ್ತಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆಗೆ ಬೇರೆ ಪಟ್ಟಿ ಮಾಡೋದಿಲ್ಲ, ವಿಧಾನಸಭೆಯ ಪಟ್ಟಿಯಲ್ಲಿ ಆ ಊರಿನ ಭಾಗವನ್ನೇ ತಗೊಳ್ತಾರೆ. ವಿಧಾನಸಭೆಯ ಪಟ್ಟಿಯಿಂದ ಹೆಸರು ಹೋಯ್ತು ಅಂದ್ರೆ ಪಂಚಾಯ್ತಿಯಿಂದಲೂ ಹೋಯ್ತು. ಪಂಚಾಯ್ತಿ ಚುನಾವಣೆಯಲ್ಲಿ ಹತ್ತಿಪ್ಪತ್ತು ವೋಟಿನಲ್ಲಿ ಸೋಲು ಗೆಲುವು ಆಗುತ್ತೆ. ಒಂದು ಮನೆಯ ಆರು ವೋಟು ಅಂದ್ರೆ ಅದು ಆ ಮನೆಯ ತೂಕ. ನೀವು ನಾಲ್ಕು ಜನ ಹೆಸರು ತೆಗೆಸಿದ್ರಿ ಅಂದ್ರೆ ಊರಲ್ಲಿ ಉಳಿದ ಅಣ್ಣನ ಮಾತಿಗೆ ಬೆಲೆ ಇಳಿಯುತ್ತೆ. ಅಣ್ಣನೇ ಫೋನ್ ಮಾಡಿ "ತೆಗೆಸಬೇಡ ಮಾರಾಯ" ಅಂತಾನೆ. ದೆಹಲಿಯಲ್ಲಿ ಕೂತು ಕಾನೂನು ಬರೆಯೋರಿಗೆ ಈ ಲೆಕ್ಕ ಕಾಣಿಸೋದಿಲ್ಲ.

ಇದರ ಜೊತೆಗೆ ಒಂದು ಸುಳ್ಳು ಭಯವೂ ಇದೆ. ಪಟ್ಟಿಯಿಂದ ಹೆಸರು ಹೋದ್ರೆ ಜಮೀನಿನ ಹಕ್ಕು ಹೋಗುತ್ತೆ, ಪಹಣಿಯಲ್ಲಿ ತೊಂದರೆ ಆಗುತ್ತೆ ಅಂತ ಎಷ್ಟೋ ಜನ ನಂಬಿದ್ದಾರೆ. ಮತದಾರರ ಪಟ್ಟಿಗೂ ಆಸ್ತಿಗೂ ಸಂಬಂಧವೇ ಇಲ್ಲ. ನಿಮ್ಮ ಜಮೀನು ಕಂದಾಯ ಇಲಾಖೆಯ ದಾಖಲೆಯಲ್ಲಿದೆ, ವೋಟು ಚುನಾವಣಾ ಆಯೋಗದ ಪಟ್ಟಿಯಲ್ಲಿದೆ. ಒಂದು ಹೋದ್ರೆ ಇನ್ನೊಂದು ಹೋಗಲ್ಲ. ಇದನ್ನು ಊರಿನ ಹಿರಿಯರಿಗೆ ನಿಧಾನವಾಗಿ ಹೇಳಿ.

ಮತ್ತೆ ಬಸ್ಸು. ಇದರ ಬಗ್ಗೆ ಯಾರೂ ಬಹಿರಂಗವಾಗಿ ಮಾತಾಡಲ್ಲ, ನಾನೇ ಮಾತಾಡ್ತೀನಿ. ಚುನಾವಣೆ ಹತ್ತಿರ ಬಂದಾಗ ಮುಂಬೈ, ಪುಣೆ, ಹೈದರಾಬಾದಿಂದ ಊರಿಗೆ ಬಸ್ಸು ಹೊರಡುತ್ತೆ. ಹೋಗಿಬರೋ ಖರ್ಚು, ದಾರಿಯಲ್ಲಿ ಊಟ, ಕೆಲವರಿಗೆ ಎರಡು ದಿನದ ಕೂಲಿ. ಯಾವ ಪಕ್ಷ ಅಂತ ಕೇಳಬೇಡಿ, ಎಲ್ಲರೂ ಮಾಡೋದೇ. ನಮ್ಮವರು ಖುಷಿಯಿಂದ ಹತ್ತುತ್ತಾರೆ, ಅಮ್ಮನ ಮುಖ ನೋಡಿದ ಹಾಗೂ ಆಯ್ತು ಅಂತ. 1951ರ ಪ್ರಜಾಪ್ರತಿನಿಧಿ ಕಾಯಿದೆಯ 123ನೇ ಕಲಂ ಪ್ರಕಾರ ಅಭ್ಯರ್ಥಿಯ ಕಡೆಯವರು ಮತದಾರರನ್ನು ಮತಗಟ್ಟೆಗೆ ಉಚಿತವಾಗಿ ಸಾಗಿಸೋಕೆ ವಾಹನ ಗೊತ್ತುಮಾಡೋದು ಭ್ರಷ್ಟ ಆಚರಣೆ. 133ನೇ ಕಲಂನಲ್ಲಿ ಅದಕ್ಕೆ ಮೂರು ತಿಂಗಳವರೆಗೆ ಜೈಲು ಅಂತಲೂ ಇದೆ. ಆದರೆ ಇನ್ನೊಂದು ಕಡೆಯಿಂದ ಯೋಚನೆ ಮಾಡಿ. ಯಾದಗಿರಿ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡೋ ಒಬ್ಬ ಗಾರೆಯವನಿಗೆ ಸರ್ಕಾರ ವೋಟಿನ ಹಕ್ಕು ಕೊಟ್ಟಿದೆ, ಆ ಹಕ್ಕಿನ ಹತ್ತಿರ ಹೋಗೋಕೆ ದಾರಿ ಕೊಟ್ಟಿಲ್ಲ. ದಾರಿ ಕೊಡೋನು ಅಭ್ಯರ್ಥಿ. ಹಾಗಿದ್ದಾಗ ವೋಟು ಯಾರಿಗೆ ಬೀಳುತ್ತೆ ಅಂತ ನಾನು ಬಿಡಿಸಿ ಹೇಳಬೇಕಾ?

ಈಗ 'ಎರಡೂ ಕಡೆ ಇದೆ' ಅನ್ನೋರ ಕಡೆ ಬರೋಣ. ಸ್ವಲ್ಪ ಖಾರವಾಗಿಯೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 1950ರ ಕಾಯಿದೆಯ 17ನೇ ಕಲಂ, ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ಇರಬಾರದು ಅನ್ನುತ್ತೆ. ಸುಳ್ಳು ಘೋಷಣೆ ಕೊಟ್ಟು ಸೇರಿಸಿಕೊಂಡರೆ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಎರಡು ಕ್ಷೇತ್ರದಲ್ಲಿ ವೋಟು ಹಾಕಿದರೆ ಎರಡೂ ವೋಟು ಅಸಿಂಧು. ಆದರೆ ನಮ್ಮ ಚುನಾವಣೆಯ ಕ್ಯಾಲೆಂಡರೇ ಆಸೆ ಹುಟ್ಟಿಸೋ ಹಾಗಿರುತ್ತೆ. 2024ರಲ್ಲಿ ಚೆನ್ನೈಗೆ ಏಪ್ರಿಲ್ 19, ಕರಾವಳಿ ಮತ್ತು ದಕ್ಷಿಣ ಕರ್ನಾಟಕಕ್ಕೆ ಏಪ್ರಿಲ್ 26, ಉತ್ತರ ಕರ್ನಾಟಕಕ್ಕೆ ಮೇ 7, ಪುಣೆ ಮತ್ತು ಹೈದರಾಬಾದಿಗೆ ಮೇ 13, ಮುಂಬೈಗೆ ಮೇ 20, ದೆಹಲಿಗೆ ಮೇ 25. ಊರಲ್ಲಿ ಹಾಕಿ ಬಂದು ಇಲ್ಲೂ ಹಾಕೋಕೆ ಸಮಯ ಬೇಕಾದಷ್ಟಿತ್ತು! ಬೆರಳಿನ ಶಾಯಿ ಅಷ್ಟು ಬೇಗ ಹೋಗಲ್ಲ ಅನ್ನೋದೊಂದೇ ಅಡ್ಡಿ. ಆ ಶಾಯಿ ತಯಾರಾಗೋದು ನಮ್ಮ ಮೈಸೂರಿನಲ್ಲೇ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್‌ನಲ್ಲಿ, 1962ರ ಚುನಾವಣೆಯಿಂದ.

ಎರಡು ಕಡೆ ಹೆಸರಿರೋ ಎಲ್ಲರೂ ಕಳ್ಳರು ಅಂತ ನಾನು ಹೇಳೋದಿಲ್ಲ. ಹೆಚ್ಚಿನವರು ಇಲ್ಲಿ ಹೊಸದಾಗಿ ಸೇರಿಸಿ, ಅಲ್ಲಿ ತೆಗೆಸೋಕೆ ಮರೆತವರು. ಆದರೆ ಈ ಮರೆವು ಇನ್ನು ಮುಂದೆ ದುಬಾರಿ ಆಗಬಹುದು. ಬಿಹಾರದಲ್ಲಿ ಏನಾಯ್ತು ನೋಡಿ. 2025ರ ಜೂನ್‌ನಲ್ಲಿ ಅಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಶುರುವಾಯ್ತು. ಎಸ್‌ಐಆರ್ ಅಂತ ಟಿವಿಯಲ್ಲಿ ಕೇಳಿರ್ತೀರಿ. ಆಗಸ್ಟ್ 1ಕ್ಕೆ ಕರಡು ಪಟ್ಟಿ ಬಂದಾಗ 7.89 ಕೋಟಿ ಇದ್ದ ಹೆಸರು 7.24 ಕೋಟಿ ಆಗಿತ್ತು. ಹೋದ 65 ಲಕ್ಷದಲ್ಲಿ ತೀರಿಕೊಂಡವರು ಸುಮಾರು 22 ಲಕ್ಷ, ಎರಡು ಕಡೆ ಹೆಸರಿದ್ದವರು 7 ಲಕ್ಷ. ಎಲ್ಲಕ್ಕಿಂತ ದೊಡ್ಡ ಗುಂಪು, 36 ಲಕ್ಷ, 'ಕಾಯಂ ಸ್ಥಳಾಂತರ ಆದವರು ಅಥವಾ ಸಿಗದವರು'. ಮನೆಗೆ ಹೋದಾಗ ಸಿಗದೇ ಇದ್ದವನು ಯಾರು? ಮುಂಬೈಯಲ್ಲೋ ಸೂರತ್‌ನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಹೋದವನು. ಆಗಸ್ಟ್ 14ಕ್ಕೆ ಸುಪ್ರೀಂ ಕೋರ್ಟ್, ಆ 65 ಲಕ್ಷ ಹೆಸರನ್ನು ಕಾರಣದ ಜೊತೆ ಪ್ರಕಟಿಸಿ ಅಂತ ಹೇಳಬೇಕಾಗಿ ಬಂತು. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ 7.42 ಕೋಟಿ ಹೆಸರಿತ್ತು. ಅಕ್ಟೋಬರ್ ಕೊನೆಗೆ ತಮಿಳುನಾಡು, ಕೇರಳ, ಗೋವಾ ಸೇರಿ ಇನ್ನೂ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಇದೇ ಪರಿಷ್ಕರಣೆ ಘೋಷಣೆ ಆಯ್ತು. ಚೆನ್ನೈಯ ನಮ್ಮವರಿಗೆ ಇದರ ಬಿಸಿ ನೇರವಾಗಿಯೇ ತಟ್ಟಿದೆ.

ಪಟ್ಟಿ ಶುದ್ಧವಾಗಬೇಕು ಅನ್ನೋದರಲ್ಲಿ ನನಗೆ ತಕರಾರಿಲ್ಲ. ಸತ್ತವರ ಹೆಸರು ಇಟ್ಟುಕೊಂಡು ಯಾರಿಗೇನು ಲಾಭ ಅಂತ ಎಲ್ಲರಿಗೂ ಗೊತ್ತು. ನನ್ನ ತಕರಾರು ಇರೋದು, ಊರಲ್ಲಿ ಇಲ್ಲ ಅಂತ ತೆಗೆದ ಹೆಸರು ಇನ್ನೊಂದು ಊರಲ್ಲಿ ತಾನಾಗಿ ಸೇರುವ ವ್ಯವಸ್ಥೆ ಇಲ್ಲ ಅನ್ನೋದರ ಬಗ್ಗೆ. ಅಲ್ಲಿ ಬಾಗಿಲು ಮುಚ್ಚುತ್ತೆ, ಇಲ್ಲಿ ಬಾಗಿಲು ನೀವೇ ಹುಡುಕಿ ತಟ್ಟಬೇಕು. ಕಾನೂನಿನಲ್ಲಿ, ಕೇಳದೆ ಹೆಸರು ತೆಗೆಯೋ ಹಾಗಿಲ್ಲ, ವಿಚಾರಣೆಗೆ ಅವಕಾಶ ಕೊಡಬೇಕು ಅಂತ ಇದೆ. ಆದರೆ ಆ ನೋಟಿಸ್ ಬರೋದು ಊರಿನ ವಿಳಾಸಕ್ಕೆ. ಅಲ್ಲಿ ಬೀಗ ಹಾಕಿರುತ್ತೆ.

ನೀವು ಇಲ್ಲದಾಗ ನಿಮ್ಮ ಹೆಸರಿಗೆ ಏನು ಬೇಕಾದ್ರೂ ಆಗಬಹುದು ಅನ್ನೋದಕ್ಕೆ ನಮ್ಮದೇ ಉದಾಹರಣೆ ಇದೆ. ಕಲಬುರಗಿ ಜಿಲ್ಲೆಯ ಆಳಂದ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಯಿರಿ ಅಂತ ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿಯಾದವು 24 ಮಾತ್ರ. ಉಳಿದ 5,994 ತಪ್ಪು ಅರ್ಜಿಗಳು. ಯಾರದ್ದೋ ಹೆಸರಿನಲ್ಲಿ ಯಾರೋ ಹಾಕಿದ್ದು. ಹೆಸರುಗಳು ಹೋಗಲಿಲ್ಲ, ಪೊಲೀಸ್ ದೂರು ದಾಖಲಾಯ್ತು. ಯಾರು ಮಾಡಿದ್ದು ಅನ್ನೋದರ ಬಗ್ಗೆ ಪಕ್ಷಗಳ ಜಗಳ ನಿಮಗೆ ಟಿವಿಯಲ್ಲಿ ಸಿಗುತ್ತೆ, ನಾನು ಅದಕ್ಕೆ ಹೋಗಲ್ಲ. ನಾನು ಹೇಳೋದು ಇಷ್ಟೇ, ಆಳಂದ ಕಡೆಯ ಎಷ್ಟೋ ಜನ ಪುಣೆ, ಸೊಲ್ಲಾಪುರ, ಹೈದರಾಬಾದಿನಲ್ಲಿದ್ದಾರೆ. ಊರಲ್ಲಿದ್ದೋನು ಪಕ್ಕದ ಮನೆಯವರಿಂದ ವಿಷಯ ತಿಳಿದು ಓಡಿ ಹೋಗಿ ಸರಿ ಮಾಡಿಸಬಹುದು. ಇಲ್ಲಿರೋನಿಗೆ ಗೊತ್ತಾಗೋದು ಮತಗಟ್ಟೆಯ ಮುಂದೆ ನಿಂತಾಗಲೇ.

ಹಾಗಾದ್ರೆ ನಾವು ಇರೋ ನಗರಕ್ಕೆ ಹೆಸರು ತಂದ್ರೆ ಏನು ಸಿಗುತ್ತೆ? "ಇಲ್ಲಿಯ ರಾಜಕೀಯ ನಮಗ್ಯಾಕೆ ಸಾರ್, ಅದು ಮರಾಠಿಯವರದ್ದು, ತೆಲುಗಿನವರದ್ದು" ಅನ್ನೋ ಮಾತು ನಾನು ನೂರು ಸಲ ಕೇಳಿದ್ದೇನೆ. ನಲ್ಲಿಯಲ್ಲಿ ನೀರು ಬರದಿದ್ದಾಗ ಮಾತ್ರ ಅದು ನಮ್ಮದಾಗುತ್ತೆ! ಮುಂಬೈಯ ಒಂದು ಸಂಗತಿ ಹೇಳ್ತೀನಿ. ಮುಂಬೈ ಮಹಾನಗರ ಪಾಲಿಕೆ ಮರಾಠಿ, ಹಿಂದಿ, ಉರ್ದು ಶಾಲೆಗಳ ಜೊತೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ದಶಕಗಳಿಂದ ನಡೆಸ್ತಾ ಬಂದಿದೆ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ಕನ್ನಡದ ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದ ಊರು ಇದು. ಈಗ ಮಕ್ಕಳು ಕಡಿಮೆ, ಶಿಕ್ಷಕರು ಕಡಿಮೆ, ಕೋಣೆ ಬೇರೆ ಕೆಲಸಕ್ಕೆ ಹೋಗುತ್ತೆ. ನಾವು ಸಂಘದಲ್ಲಿ ಠರಾವು ಮಾಡ್ತೀವಿ, ಬೆಂಗಳೂರಿಗೆ ಮನವಿ ಕಳಿಸ್ತೀವಿ. ಶಾಲೆ ಇರೋದು ಪಾಲಿಕೆಯ ಕೈಯಲ್ಲಿ. ಪಾಲಿಕೆಯ 227 ಸದಸ್ಯರನ್ನು ಆರಿಸೋರು ಆ ವಾರ್ಡಿನ ಮತದಾರರು. ವಾರ್ಡಿನಲ್ಲಿ ಎರಡು ಸಾವಿರ ಕನ್ನಡಿಗರಿದ್ದು ಅದರಲ್ಲಿ ಮುನ್ನೂರು ಜನರದ್ದು ಮಾತ್ರ ಪಟ್ಟಿಯಲ್ಲಿ ಹೆಸರಿದ್ದರೆ, ನಗರಸೇವಕನ ಲೆಕ್ಕದಲ್ಲಿ ನಾವು ಮುನ್ನೂರೇ. ಮನವಿ ತಗೊಂಡು ಹೋದಾಗ ಚಹಾ ಕೊಡ್ತಾನೆ, ಫೋಟೋ ತೆಗೆಸಿಕೊಳ್ತಾನೆ, ಅಷ್ಟೇ. (ಬೆಂಗಳೂರಿನವರು ನಗಬೇಡಿ. ನಿಮ್ಮ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದ ಮೇಲೆ ನೀವೂ ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದೇ ಇದ್ದೋರೇ.)

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿಯೇ ಹೇಳ್ತೀನಿ. ಹತ್ತು ವರ್ಷಕ್ಕಿಂತ ಹೆಚ್ಚು ಒಂದೇ ನಗರದಲ್ಲಿ ಸಂಸಾರ ಹೂಡಿದೋರು, ಅಲ್ಲಿಯೇ ಮುದುಕರಾಗೋರು, ಹೆಸರನ್ನು ಅಲ್ಲಿಗೇ ತರಬೇಕು. ಊರಿನ ಅಣ್ಣನಿಗೆ ಬೇಜಾರಾದ್ರೂ ಸರಿ. ನಾವು ಬದುಕದೇ ಇರೋ ಊರಿನ ಪಂಚಾಯ್ತಿಗೆ ಯಾರು ಬರಬೇಕು ಅಂತ ನಾವು ತೀರ್ಮಾನ ಮಾಡೋದು ಅಲ್ಲಿ ಬದುಕೋರಿಗೂ ಅನ್ಯಾಯವೇ. ಆ ರಸ್ತೆಯ ಗುಂಡಿಯಲ್ಲಿ ಬೀಳೋರು ಅವರು, ನಾವಲ್ಲ.

ಇದನ್ನೇ ಗಾರೆಯವನಿಗೆ, ಕಬ್ಬು ಕಡಿಯೋರಿಗೆ, ಲಾರಿ ಓಡಿಸೋನಿಗೆ ಹೇಳೋಕೆ ನನಗೆ ಬಾಯಿ ಬರಲ್ಲ. ಅವನಿಗೆ ಇಲ್ಲಿ ವಿಳಾಸವೇ ಇಲ್ಲ. ಈ ವರ್ಷ ಒಂದು ಸೈಟು, ಮುಂದಿನ ವರ್ಷ ಇನ್ನೊಂದು. ಹೆಂಡತಿ ಮಕ್ಕಳು ಊರಲ್ಲಿ, ಮಳೆಗಾಲಕ್ಕೆ ವಾಪಸ್ಸು. ಅವನ ಊರು ನಿಜವಾಗಿಯೂ ಊರೇ. ಅಂಥವರು ಎಷ್ಟು ಜನ? 2011ರ ಜನಗಣತಿ ದೇಶದಲ್ಲಿ 45 ಕೋಟಿಗೂ ಹೆಚ್ಚು ವಲಸಿಗರಿದ್ದಾರೆ ಅನ್ನುತ್ತೆ. ಆ ಅಂಕಿ ನೋಡಿ ಹೆದರಬೇಡಿ, ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಪಕ್ಕದೂರಿಗೆ ಹೋದ ಹೆಣ್ಣುಮಕ್ಕಳು. ರಾಜ್ಯದ ಗಡಿ ದಾಟಿ ಬಂದವರು ಸುಮಾರು 5.4 ಕೋಟಿ. ಕೆಲವು ತಿಂಗಳಿಗಷ್ಟೇ ಬಂದು ಹೋಗೋರು ಈ ಲೆಕ್ಕಕ್ಕೆ ಸರಿಯಾಗಿ ಸಿಗೋದೂ ಇಲ್ಲ.

ಇವರಿಗಾಗಿ ಒಂದು ಪ್ರಯತ್ನ ಆಗಿತ್ತು. 2022ರ ಡಿಸೆಂಬರ್ ಕೊನೆಗೆ ಚುನಾವಣಾ ಆಯೋಗ ಒಂದು ದೂರಮತದಾನ ಯಂತ್ರದ ಮಾದರಿ ತಯಾರಾಗಿದೆ ಅಂತ ಹೇಳಿತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳವರೆಗೆ ನಿಭಾಯಿಸಬಹುದು. ಅಂದ್ರೆ ಪುಣೆಯ ಒಂದು ಮತಗಟ್ಟೆಗೆ ಹೋಗಿ, ಸೇಡಂ ಕ್ಷೇತ್ರದವನು ತನ್ನ ಕ್ಷೇತ್ರದ ಅಭ್ಯರ್ಥಿಗಳ ಪಟ್ಟಿ ನೋಡಿ ಗುಂಡಿ ಒತ್ತಬಹುದು. ಇಂಟರ್ನೆಟ್ ಸಂಪರ್ಕ ಇಲ್ಲದ ಯಂತ್ರ. 2019ರಲ್ಲಿ ಸುಮಾರು 30 ಕೋಟಿ ಮತದಾರರು ವೋಟು ಹಾಕಿರಲಿಲ್ಲ, ಅದರಲ್ಲಿ ವಲಸೆಯೂ ದೊಡ್ಡ ಕಾರಣ ಅನ್ನೋದು ಆಯೋಗದ ಮಾತು. 2023ರ ಜನವರಿ 16ಕ್ಕೆ ಎಲ್ಲ ಮಾನ್ಯತೆ ಪಡೆದ ಪಕ್ಷಗಳನ್ನು ಕರೆದರು. ವಿರೋಧ ಪಕ್ಷಗಳು ಒಪ್ಪಲಿಲ್ಲ, ವಿಷಯ ಮುಂದೆ ಹೋಗಲಿಲ್ಲ.

ಒಪ್ಪದೇ ಇದ್ದಿದ್ದಕ್ಕೆ ಕಾರಣ ಇರಲಿಲ್ಲ ಅಂತಲ್ಲ. ವಲಸಿಗ ಅಂದ್ರೆ ಯಾರು ಅಂತ ಮೊದಲು ಹೇಳಿ ಅಂದರು. ಚುನಾವಣೆ ಕರ್ನಾಟಕದಲ್ಲಿ, ಮತಗಟ್ಟೆ ಮಹಾರಾಷ್ಟ್ರದಲ್ಲಿ, ಅಲ್ಲಿ ನೀತಿ ಸಂಹಿತೆ ಯಾರು ಜಾರಿ ಮಾಡ್ತಾರೆ ಅಂದರು. ಸಣ್ಣ ಪಕ್ಷಗಳು, ಪಕ್ಷೇತರರು ದೇಶದ ಎಲ್ಲ ನಗರದಲ್ಲಿ ಏಜೆಂಟರನ್ನು ಕೂರಿಸೋಕಾಗುತ್ತಾ ಅಂದರು. ಇದು ನನಗೂ ಗಂಭೀರ ಪ್ರಶ್ನೆ ಅನ್ನಿಸುತ್ತೆ. ಎಣಿಕೆಯ ಮೇಲೆ ನಂಬಿಕೆ ಇಲ್ಲದಿದ್ರೆ ವೋಟು ಹಾಕಿಯೂ ಪ್ರಯೋಜನ ಇಲ್ಲ. ಆದರೆ ಪ್ರಶ್ನೆ ಕಷ್ಟ ಅಂತ ಪುಸ್ತಕ ಮುಚ್ಚಿಡೋದು ಉತ್ತರ ಅಲ್ಲ. ಯಾಕಂದ್ರೆ ಬೇರೆಯವರಿಗೆ ನಾವು ಇದನ್ನು ಮಾಡಿ ತೋರಿಸಿದ್ದೀವಿ. ಕಣಿವೆ ಬಿಟ್ಟು ಬಂದ ಕಾಶ್ಮೀರಿ ಪಂಡಿತರಿಗೆ ಜಮ್ಮು, ಉಧಂಪುರ, ದೆಹಲಿಯಲ್ಲಿ ವಿಶೇಷ ಮತಗಟ್ಟೆಗಳು ಇವೆ, ಅವರು ಅಲ್ಲಿ ಹಾಕಿದ ವೋಟು ಕಣಿವೆಯ ಕ್ಷೇತ್ರಕ್ಕೆ ಸೇರುತ್ತೆ. ಮಿಜೋರಾಂ ಬಿಟ್ಟು ತ್ರಿಪುರದ ಶಿಬಿರದಲ್ಲಿದ್ದ ಬ್ರೂ ಜನ ವರ್ಷಗಳ ಕಾಲ ಮಿಜೋರಾಂ ಚುನಾವಣೆಗೆ ವೋಟು ಹಾಕಿದರು. ಗಡಿಯಲ್ಲಿರೋ ಸೈನಿಕನಿಗೆ ಅಂಚೆ ಮತಪತ್ರ ಈಗ ವಿದ್ಯುನ್ಮಾನವಾಗಿಯೇ ಹೋಗುತ್ತೆ, ಬೇಕಿದ್ರೆ ಊರಲ್ಲಿ ತನ್ನ ಪರವಾಗಿ ಹಾಕೋಕೆ ಒಬ್ಬರನ್ನು ನೇಮಿಸೋ ಅವಕಾಶವೂ ಇದೆ. ರೇಷನ್ ಕಾರ್ಡು ನೋಡಿ. ಒಂದು ದೇಶ ಒಂದು ರೇಷನ್ ಕಾರ್ಡು ಯೋಜನೆ 2022ರ ಹೊತ್ತಿಗೆ ಎಲ್ಲ ರಾಜ್ಯಕ್ಕೂ ಬಂತು. ಸೇಡಂನ ಕಾರ್ಡಿಗೆ ಪುಣೆಯ ಅಂಗಡಿಯಲ್ಲಿ ಅಕ್ಕಿ ಸಿಗುತ್ತೆ. ಮೊಬೈಲ್ ನಂಬರ್ ರಾಜ್ಯ ದಾಟುತ್ತೆ, ಬ್ಯಾಂಕ್ ಖಾತೆ ದಾಟುತ್ತೆ. ಅಕ್ಕಿ ದಾಟೋ ಗಡಿಯನ್ನು ವೋಟು ಯಾಕೆ ದಾಟಬಾರದು?

ಪಕ್ಷಗಳಿಗೆ ಅವಸರ ಇಲ್ಲದಿರೋದಕ್ಕೆ ಒಂದು ಸರಳ ಕಾರಣ ಇದೆ ಅಂತ ನನ್ನ ಅನುಮಾನ. ವೋಟಿಲ್ಲದ ಕೂಲಿಯವನ ಕಷ್ಟ ಇಲ್ಲಿಯ ಶಾಸಕನಿಗೆ ಬೇಡ, ಅವನು ಇಲ್ಲಿಯ ಮತದಾರ ಅಲ್ಲ. ಅಲ್ಲಿಯ ಶಾಸಕನಿಗೂ ಬೇಡ, ಅವನು ಕಣ್ಣಿಗೆ ಬೀಳೋದಿಲ್ಲ, ಬಸ್ಸು ಕಳಿಸಿದ್ರೆ ಬರ್ತಾನೆ. 2020ರ ಲಾಕ್‌ಡೌನ್‌ನಲ್ಲಿ ರಸ್ತೆಯ ಮೇಲೆ ನಡೆದು ಹೋದವರು ಇವರೇ. ಆಗ ಎರಡೂ ಕಡೆಯ ಸರ್ಕಾರಗಳು ಅವರು ತಮ್ಮವರಲ್ಲ ಅನ್ನೋ ಹಾಗೆ ನಡೆದುಕೊಂಡಿದ್ದನ್ನು ನಾವೆಲ್ಲ ನೋಡಿದ್ದೀವಿ.

ಸರಿ, ಯಂತ್ರ ಬರುವವರೆಗೆ ಕೈಕಟ್ಟಿ ಕೂರೋದು ಬೇಡ. ಈಗಿರೋ ನಿಯಮದಲ್ಲೇ ಮಾಡಬಹುದಾದ ಕೆಲವು ಕೆಲಸ ಹೇಳ್ತೀನಿ, ಯಾಕಂದ್ರೆ ಇದರ ಬಗ್ಗೆಯೇ ಹೆಚ್ಚು ಪ್ರಶ್ನೆ ಬರೋದು.

ಹೆಸರು ಒಂದು ರಾಜ್ಯದಿಂದ ಇನ್ನೊಂದಕ್ಕೆ ತರೋಕೆ ಹೊಸ ಮತದಾರರ ಫಾರ್ಮ್ 6 ತುಂಬಬೇಡಿ. 2022ರ ಆಗಸ್ಟ್‌ನಿಂದ ವಿಳಾಸ ಬದಲಾವಣೆಗೆ, ಕ್ಷೇತ್ರ ಬೇರೆ ಆದರೂ, ಫಾರ್ಮ್ 8. ಹಳೆಯ ಕಡೆಯ ಹೆಸರು ತೆಗೆಯೋ ಪ್ರಕ್ರಿಯೆ ಅದರಿಂದಲೇ ಶುರುವಾಗುತ್ತೆ. ಫಾರ್ಮ್ 6 ತುಂಬಿದ್ರೆ ಆಗೋದೇ ಆ ಎರಡು ಕಡೆಯ ಗೊಂದಲ. ಆಯೋಗದ ವೆಬ್‌ಸೈಟಿನಲ್ಲಿ ಅಥವಾ ಆ್ಯಪ್‌ನಲ್ಲಿ ಮಾಡಬಹುದು, ಗೊತ್ತಾಗದಿದ್ರೆ 1950ಕ್ಕೆ ಫೋನ್ ಮಾಡಿ. ಮತ್ತೆ, ಕೈಯಲ್ಲಿ ಕಾರ್ಡಿದೆ ಅಂತ ನಿಶ್ಚಿಂತೆ ಬೇಡ. ಪಟ್ಟಿಯಲ್ಲಿ ಹೆಸರಿಲ್ಲದೆ ಕಾರ್ಡು ಇದ್ದರೆ ಅದು ಬರೀ ಗುರುತಿನ ಚೀಟಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಹೆಸರು ಹುಡುಕಿ ನೋಡೋದು ಒಳ್ಳೇದು. ಊರಲ್ಲೇ ಹೆಸರು ಇಟ್ಟುಕೊಂಡವರಂತೂ ಅಲ್ಲಿಯ ಬಿಎಲ್‌ಒ ಯಾರು ಅಂತ ತಿಳಿದು ನಂಬರ್ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಶಾಲೆಯ ಮೇಷ್ಟ್ರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರ್ತಾರೆ.

ಮಕ್ಕಳು ಹಾಸ್ಟೆಲಿನಲ್ಲಿ ಓದ್ತಾ ಇದ್ದರೆ, ಹೆಸರು ಮನೆಯ ವಿಳಾಸದಲ್ಲಿ ಬೇಕೋ ಹಾಸ್ಟೆಲಿನಲ್ಲಿ ಬೇಕೋ ಅಂತ ಆರಿಸಿಕೊಳ್ಳೋ ಅವಕಾಶ ಆಯೋಗ ಕೊಟ್ಟಿದೆ. 18 ತುಂಬೋಕೆ ಜನವರಿ 1ರ ತನಕ ಕಾಯಬೇಕಾಗಿಲ್ಲ, ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅರ್ಹತಾ ದಿನಾಂಕಗಳು.

ವಿಳಾಸದ ಕಾಗದವೇ ಇಲ್ಲದೆ ಸೈಟಿನ ಶೆಡ್ಡಿನಲ್ಲೋ ಫುಟ್‌ಪಾತಿನಲ್ಲೋ ಮಲಗೋರಿಗೂ ದಾರಿ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಮನೆಯಿಲ್ಲದವರು ಅರ್ಜಿ ಹಾಕಿದರೆ ಬಿಎಲ್‌ಒ ರಾತ್ರಿ ಹೊತ್ತು ಆ ಜಾಗಕ್ಕೆ ಹೋಗಿ, ಆ ವ್ಯಕ್ತಿ ಅಲ್ಲೇ ಮಲಗ್ತಾರಾ ಅಂತ ನೋಡಬೇಕು. ಮಲಗೋದು ಖಚಿತವಾದರೆ ವಿಳಾಸಕ್ಕೆ ಬೇರೆ ದಾಖಲೆ ಬೇಕಿಲ್ಲ. ಸಂಘಗಳು ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಹಾಕೋ ಶ್ರಮದಲ್ಲಿ ಕಾಲುಭಾಗ ಇದಕ್ಕೆ ಹಾಕಿದರೂ ಎಷ್ಟೋ ಜನ ಪಟ್ಟಿಗೆ ಬರ್ತಾರೆ.

ಊರಿಗೇ ಹೋಗಿ ಹಾಕ್ತೀನಿ ಅನ್ನೋರು ಒಂದು ಕಲಂ ನೆನಪಿಟ್ಟುಕೊಳ್ಳಿ, 1951ರ ಕಾಯಿದೆಯ 135ಬಿ. ಮತದಾನದ ದಿನ ಸಂಬಳ ಸಹಿತ ರಜೆ ನಿಮ್ಮ ಹಕ್ಕು. ನೀವು ಕೆಲಸ ಮಾಡೋ ಊರಲ್ಲಿ ಅವತ್ತು ಚುನಾವಣೆ ಇಲ್ಲದಿದ್ರೂ, ನಿಮ್ಮ ಹೆಸರಿರೋ ಕ್ಷೇತ್ರದಲ್ಲಿ ಇದ್ದರೆ ರಜೆ ಕೊಡಬೇಕು ಅಂತ ಆಯೋಗ ಸ್ಪಷ್ಟ ಮಾಡಿದೆ. ದಿನಗೂಲಿಯವರಿಗೂ ಅನ್ವಯ. ಕೊಡದ ಮಾಲೀಕನಿಗೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದ್ರೆ 500 ರೂಪಾಯಿ. ಮತ್ತೆ ರಜೆ ಒಂದೇ ದಿನಕ್ಕೆ. ಪುಣೆಯಿಂದ ಸೇಡಂಗೆ ಹೋಗಿ, ಸಾಲಿನಲ್ಲಿ ನಿಂತು, ವಾಪಸ್ ಬರೋಕೆ ಒಂದು ದಿನ ಸಾಕಾಗುತ್ತಾ ಅಂತ ಕಾಯಿದೆ ಬರೆದವರನ್ನೇ ಕೇಳಬೇಕು.

ನಿಮ್ಮ ಹೆಸರು ಎಲ್ಲಿದೆ, ಯಾಕೆ ಅಲ್ಲೇ ಇಟ್ಟಿದ್ದೀರಿ ಅಂತ ಬರೆದು ತಿಳಿಸಿ. ಚೆನ್ನೈಯವರು ಪರಿಷ್ಕರಣೆಯಲ್ಲಿ ನಿಮಗಾದ ಅನುಭವ ಹೇಳಿದರೆ ಉಳಿದವರಿಗೆ ಉಪಯೋಗ ಆಗುತ್ತೆ.